ಪೆಟ್ರೋಲು ಎಲ್ಲಿಂದ ಬಂತು ಎಂದು ಕೇಳುತ್ತಿದ್ದ ಮೇಷ್ಟ್ರು

ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು ತೀರಿಕೊಂಡ ಸುದ್ದಿ ಚಿಕ್ಕಮಗಳೂರಿನಿಂದ ಹಾಸನ, ಬೆಂಗಳೂರು ದಾಟಿ ಹಳೆಯ ವಿದ್ಯಾರ್ಥಿಗಳಿಗೆ ಮುಟ್ಟಿದಾಗ ಎಲ್ಲರ ಬಾಯಲ್ಲೂ ಬಂದದ್ದು ಅವರ ಒಂದೇ ಪ್ರಶ್ನೆ: "ಪೆಟ್ರೋಲು ಎಲ್ಲಿಂದ ಬಂತು?" ಯಾವ ಯುದ್ಧದ ಪಾಠವಾಗಲಿ, ಅವರು ಶುರು ಮಾಡುತ್ತಿದ್ದುದು ಅಲ್ಲಿಂದಲೇ. ಸೇನಾಪತಿಯ ಹೆಸರು, ಒಪ್ಪಂದದ ತಾರೀಕು ಎಲ್ಲ ಆಮೇಲೆ. ಎಂಬತ್ತರ ದಶಕದ ಆ ಸಿಲಬಸ್ಸಿನಲ್ಲಿ ಏನೇನಿತ್ತೋ ಈಗ ಯಾರಿಗೂ ನೆನಪಿಲ್ಲ. ಕಪ್ಪುಹಲಗೆಯ ಮೇಲಿನ ಲೆಕ್ಕಗಳು ಮಾತ್ರ ಅಳಿಸಿಲ್ಲ.

1942ರ ಉತ್ತರ ಆಫ್ರಿಕಾದ ಲೆಕ್ಕವನ್ನೇ ನೋಡಿ. ಜರ್ಮನ್ ಸೇನಾಪತಿ ರೊಮ್ಮೆಲ್‌ನ ಸೈನ್ಯ ಈಜಿಪ್ಟಿನ ಎಲ್ ಅಲಮೀನ್‌ನಲ್ಲಿ ನಿಂತಿದೆ. ಪೆಟ್ರೋಲು ಇಳಿಯುವ ಲಿಬಿಯಾದ ಬೆಂಗಾಜಿ ಬಂದರು ಅಲ್ಲಿಂದ ಸುಮಾರು ಸಾವಿರ ಕಿಲೋಮೀಟರ್ ಹಿಂದೆ. ಮೂರು ಟನ್ ಹೊರುವ ಒಂದು ಲಾರಿ ಎಷ್ಟು ಪೆಟ್ರೋಲು ತಂದೀತು? ಟನ್ನನ್ನು ನೇರವಾಗಿ ಲೀಟರಿಗೆ ತಿರುಗಿಸಿದವರನ್ನು ಮೇಷ್ಟ್ರು ಕೂರಿಸಿಬಿಡುತ್ತಿದ್ದರು. ಇಪ್ಪತ್ತು ಲೀಟರಿನ ಉಕ್ಕಿನ ಡಬ್ಬ, ಅಂದರೆ ಜೆರ್ರಿಕ್ಯಾನಿನಲ್ಲಿ ಪೆಟ್ರೋಲಿನ ತೂಕ 15 ಕಿಲೋ, ಖಾಲಿ ಕ್ಯಾನಿನದು ನಾಲ್ಕೂವರೆ ಕಿಲೋ. ಹಾಗಾಗಿ ಲಾರಿಗೆ ಹಿಡಿಯುವುದು 150 ಕ್ಯಾನು, ಅಂದರೆ 3,000 ಲೀಟರ್. ಮರಳು ದಾರಿಯಲ್ಲಿ ಲೀಟರಿಗೆ ಮೂರು ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು ಲಾರಿಯೇ 670 ಲೀಟರ್ ಕುಡಿಯುತ್ತದೆ. ತಂದದ್ದರಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು ದಾರಿಖರ್ಚು! ಹೆಚ್ಚಿನವರು ಎಡವುತ್ತಿದ್ದುದು ಖಾಲಿ ಲಾರಿ ವಾಪಸು ಹೋಗಬೇಕೆಂಬುದನ್ನು ಮರೆತು. ಇದಾದ ಮೇಲೆ ಕೆಟ್ಟು ನಿಂತ ಲಾರಿ, ವಿಮಾನದಾಳಿಗೆ ಸಿಕ್ಕಿದ್ದು, ಸಮುದ್ರದಲ್ಲೇ ಮುಳುಗಿದ ಹಡಗು, ಒಂದೊಂದನ್ನೇ ಕಳೆಯುತ್ತ ಬರಬೇಕು. ಬ್ರಿಟಿಷರ ತೆಳುತಗಡಿನ ಡಬ್ಬಗಳು ದಾರಿಯುದ್ದಕ್ಕೂ ಸೋರಿ ಹೋಗುತ್ತಿದ್ದವು. ಜರ್ಮನರ ಜೆರ್ರಿಕ್ಯಾನನ್ನು ಅವರು ಕೊನೆಗೆ ನಕಲು ಮಾಡಿದರು. ಆ ಕ್ಯಾನಿಗೆ ಮೂರು ಹಿಡಿ ಏಕೆ ಎಂಬುದಕ್ಕೇ ಹತ್ತು ನಿಮಿಷ ಹೋಗುತ್ತಿತ್ತು: ತುಂಬಿದ್ದನ್ನು ಇಬ್ಬರು ಸೇರಿ ಹಿಡಿಯಬಹುದು, ಖಾಲಿಯಾದದ್ದನ್ನು ಒಬ್ಬನೇ ಒಂದೊಂದು ಕೈಗೆ ಎರಡೆರಡರಂತೆ ಒಯ್ಯಬಹುದು.

ತಂಟೆಯೂ ನಡೆಯಿತು. ತರಗತಿಯನ್ನು ಎರಡು ಪಕ್ಷ ಮಾಡಿ 1942ರ ಕಾಕಸಸ್ ಯುದ್ಧ ಆಡಿಸಿದ ದಿನ, ಜರ್ಮನ್ ಪಕ್ಷದ ಬೆಂಚಿನವರು ಮೇಷ್ಟ್ರು ಬರುವ ಮೊದಲೇ ಡಸ್ಟರ್ ಹಿಡಿದು ತೈಲಬಾವಿಗಳ ಬಾಕು ನಗರವನ್ನು ಬೆಟ್ಟಸಾಲಿನ ಆಚೆಯಿಂದ ಈಚೆಗೆ ತಂದಿಟ್ಟಿದ್ದರು. ಮೇಷ್ಟ್ರು ನಕ್ಷೆಯನ್ನು ಒಮ್ಮೆ ನೋಡಿದರು. "ಆಯ್ತು, ಬಾಕು ನಿಮಗೇ ಸಿಕ್ತು. ಬಾವಿಗೆಲ್ಲ ಕಾಂಕ್ರೀಟು ಸುರಿದು ಹೋಗಿದಾರೆ. ಏನ್ಮಾಡ್ತೀರ್ರೀ ಈಗ?" 1942ರ ಆಗಸ್ಟಿನಲ್ಲಿ ಜರ್ಮನರು ಹಿಡಿದ ಕಾಕಸಸ್‌ನ ತೈಲದೂರು ಮೈಕೋಪ್‌ನಲ್ಲಿ ಆದದ್ದು ಅದೇ. ಊರು ಕೈಗೆ ಬಂತು, ತೈಲ ಬರಲಿಲ್ಲ. ಬಾವಿ ಮತ್ತೆ ಕೊರೆಯಲು ರಿಗ್ ಬೇಕು, ಕಚ್ಚಾತೈಲ ಕುದಿಸಲು ಸಂಸ್ಕರಣಾಗಾರ ಬೇಕು, ಸಾಗಿಸಲು ರೈಲು ಬೇಕು. ರಷ್ಯಾದ ಹಳಿಯ ಅಗಲ 1,524 ಮಿಲಿಮೀಟರ್, ಜರ್ಮನಿಯದು 1,435. ಒಂದು ಪೀರಿಯಡ್ ಪೂರ್ತಿ ಆ ಬೆಂಚು ನಿಂತೇ ಉತ್ತರ ಹುಡುಕಿತು. ಅದೇ ಬೆಂಚಿನಿಂದ ಮುಂದೆ ಆರ್ಮಿ ಸರ್ವಿಸ್ ಕೋರ್ ಸೇರಿದವರಿದ್ದಾರೆ. ಸೈನ್ಯಕ್ಕೆ ಅನ್ನ, ಇಂಧನ ಮುಟ್ಟಿಸುವ ದಳ ಅದು. ನಮ್ಮ ಬ್ಯಾಚಿಗೆ ಅದೊಂದು ಹೆಮ್ಮೆ.

ನಾಯಕತ್ವವನ್ನೂ ಅವರು ಇದೇ ತಕ್ಕಡಿಯಲ್ಲಿ ತೂಗುತ್ತಿದ್ದರು. ಬ್ರಿಟಿಷ್ ನೌಕಾಪಡೆಯನ್ನು ಕಲ್ಲಿದ್ದಲಿನಿಂದ ತೈಲಕ್ಕೆ ತಿರುಗಿಸಿದ ಚರ್ಚಿಲ್, ಸ್ವದೇಶದ ಗಣಿ ಬಿಟ್ಟು ದೂರದ ಪರ್ಷಿಯಾವನ್ನು, ಅಂದರೆ ಇಂದಿನ ಇರಾನನ್ನು, ನೆಚ್ಚಬೇಕಾಯಿತು. ಅದಕ್ಕೇ 1914ರಲ್ಲಿ ಸರ್ಕಾರ ಆಂಗ್ಲೋ ಪರ್ಷಿಯನ್ ತೈಲ ಕಂಪನಿಯ ಶೇ. 51 ಪಾಲು ಕೊಂಡಿತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಮ್ಮ ನೌಕಾಪಡೆ ನಡೆಸಿದ ದಾಳಿಯಲ್ಲಿ ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳ ಹೆಸರು ಎಲ್ಲರಿಗೂ ಗೊತ್ತು. ಜೊತೆಗೆ ಹೋಗಿದ್ದ ಪೋಷಕ್ ಎಂಬ ಟ್ಯಾಂಕರ್ ಹಡಗಿನ ಹೆಸರು ಹೇಳಿದವರಿಗೆ ಮೇಷ್ಟ್ರಿಂದ ಶಹಭಾಸ್ ಸಿಗುತ್ತಿತ್ತು. ಸುಮಾರು 500 ನಾಟಿಕಲ್ ಮೈಲಿಯಷ್ಟೇ ಓಡಬಲ್ಲ ಆ ದೋಣಿಗಳು ಇಂಧನದ ಏರ್ಪಾಡಿಲ್ಲದೆ ಹೊರಡುವ ಹಾಗಿರಲಿಲ್ಲ. ಆ ವಾರದ ದಾಳಿಗಳಲ್ಲಿ ಉರಿದದ್ದೂ ಕರಾಚಿ ಬಂದರಿನ ಕೇಮಾರಿಯ ತೈಲ ಟ್ಯಾಂಕುಗಳೇ.

ಆದರೆ ಅವರ ಮನಸ್ಸು ಪೂರ್ತಿ ನೆಟ್ಟಿದ್ದುದು ನಮ್ಮ ಜಿಲ್ಲೆಯ ಕುದುರೆಮುಖದ ಕಬ್ಬಿಣದ ಗಣಿಯ ಮೇಲೆ. 1973ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧದ ಬಳಿಕ ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ತೈಲ 1974ರ ಹೊತ್ತಿಗೆ 12 ಡಾಲರ್ ಸಮೀಪಿಸಿತು. ಭಾರತದ ಖಜಾನೆ ಬರಿದಾಯಿತು, ಇರಾನಿನ ದೊರೆ ಷಾನ ಖಜಾನೆ ತುಂಬಿತು. ಆ ಹಣವನ್ನು ತಿರುಗಿ ಇಲ್ಲಿಗೆ ತರುವ ಉಪಾಯವಾಗಿ ಇಂದಿರಾ ಗಾಂಧಿ ಸರ್ಕಾರ 1975ರಲ್ಲಿ ಒಪ್ಪಂದ ಮಾಡಿಕೊಂಡಿತು: ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಕುದುರೆಮುಖದ ಅದಿರನ್ನು ಕೊಳ್ಳುವುದು. ಗಣಿ ಎದ್ದಿತು. ಅದಿರನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಬಂದರು ಪಣಂಬೂರಿಗೆ ಒಯ್ಯುವ ವ್ಯವಸ್ಥೆಯೂ ಆಯಿತು. ಕೊಳವೆಯಲ್ಲಿ ಹರಿವು ನಿಧಾನವಾದರೆ ಅದಿರು ತಳಕ್ಕೆ ಕೂತು ಕಟ್ಟಿಕೊಳ್ಳುತ್ತದೆ, ವೇಗ ಅತಿಯಾದರೆ ಕೊಳವೆಯ ಒಳಮೈ ಸವೆಯುತ್ತದೆ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಇದೇ ಚಿಕ್ಕಮಗಳೂರಿನಿಂದ ಉಪಚುನಾವಣೆ ಗೆದ್ದರು. ಎರಡು ತಿಂಗಳಲ್ಲಿ, 1979ರ ಜನವರಿಯಲ್ಲಿ, ಷಾ ದೇಶ ಬಿಟ್ಟು ಹೋದ. ಇರಾನ್ ಹಣವನ್ನೂ ನಿಲ್ಲಿಸಿತು, ಖರೀದಿಯನ್ನೂ ನಿಲ್ಲಿಸಿತು. ಒಬ್ಬನೇ ಗಿರಾಕಿಯನ್ನು ನಂಬಿ ಕಟ್ಟಿದ ಗಣಿ ಬೇರೆ ಕೊಳ್ಳುವವರನ್ನು ಹುಡುಕಬೇಕಾಯಿತು, ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆ ಹಾಕಬೇಕಾಯಿತು. ಸಾಲ ಕೊಡುವವನೂ ಕೊಳ್ಳುವವನೂ ಒಬ್ಬನೇ ಆದ ಒಪ್ಪಂದಕ್ಕೆ ಯಾವ ಪ್ರಧಾನಿಯೂ ಸಹಿ ಹಾಕಬಾರದು ಎಂಬುದು ಮೇಷ್ಟ್ರ ಖಡಾಖಂಡಿತ ಅಭಿಪ್ರಾಯ. 1974ರಲ್ಲಿ ಮುಂಬೈ ಆಚೆ ಸಮುದ್ರದಲ್ಲಿ ಸಿಕ್ಕ ಬಾಂಬೆ ಹೈ ತೈಲವನ್ನು ಎರಡೇ ವರ್ಷದಲ್ಲಿ ಹೊರತೆಗೆದದ್ದಕ್ಕೆ ಅದೇ ಸರ್ಕಾರವನ್ನು ಬಾಯ್ತುಂಬ ಹೊಗಳುತ್ತಲೂ ಇದ್ದರು.

ನಿವೃತ್ತಿಯ ನಂತರವೂ ಲೆಕ್ಕ ಬಿಡಲಿಲ್ಲ. 2003ರಲ್ಲಿ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲಿಯಂ ಕೊಳವೆಮಾರ್ಗ ಬಂದಾಗ, ಚಾರ್ಮಾಡಿ ಬುಡದ ನೆರಿಯದಲ್ಲಿ ಪಂಪುಮನೆ ಯಾಕೆ ಬೇಕೆಂದು ಸಮ್ಮಿಲನದಲ್ಲಿ ವಿವರಿಸಿದ್ದರು. ಡೀಸೆಲ್ ನೀರಿಗಿಂತ ಹಗುರ, ಪ್ರತಿ 12 ಮೀಟರ್ ಏರಿಕೆಗೆ ಒಂದು ಬಾರ್ (ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು) ಒತ್ತಡ ಬೇಕು. ಘಟ್ಟ 800 ಮೀಟರ್ ಎಂದು ಹಿಡಿದರೂ ಬರೀ ಏರಲು 67 ಬಾರ್, ಉಜ್ಜುವಿಕೆಯ ನಷ್ಟ ಬೇರೆ.

ಈಗಿನ ಮಕ್ಕಳ ಪ್ರಶ್ನೆಪತ್ರಿಕೆ ನೋಡಿದರೆ ಸಂಕಟವಾಗುತ್ತದೆ. ಯುದ್ಧ ಯಾವ ವರ್ಷ, ನಾಲ್ಕರಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿ. ಪಕ್ಕದ ಪಾದೂರು, ಮಂಗಳೂರಿನ ಬಂಡೆಯೊಳಗೆ ದೇಶದ ತುರ್ತು ತೈಲ ಸಂಗ್ರಹವಿದೆಯೆಂಬುದು ಎಷ್ಟು ಜನಕ್ಕೆ ಗೊತ್ತು? ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುತ್ತದೆ. ಗುಹೆಗೆ ಉಕ್ಕಿನ ಹೊದಿಕೆಯಿಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ಅಂತರ್ಜಲದ ಒತ್ತಡ ಒಳಗಿನದಕ್ಕಿಂತ ಸದಾ ಹೆಚ್ಚಿರುವಂತೆ, ಮೇಲಿನ ಸುರಂಗದಿಂದ ಕೊರೆದ ತೂತುಗಳಿಗೆ ನೀರು ಹಾಯಿಸುತ್ತಾರೆ. ಒಳಕ್ಕೆ ಜಿನುಗಿದ ನೀರನ್ನು ತಳದಿಂದ ಪಂಪು ಮಾಡಿ ತೆಗೆಯುತ್ತಾರೆ. ನೀರಿನ ಒತ್ತಡ ಕುಸಿದರೆ ತೈಲವೂ ಆವಿಯೂ ಬಿರುಕು ಹಿಡಿದು ಹೊರಡುತ್ತವೆ. ಮೂರೂ ತುಂಬಿದ್ದರೆ, 2019-20ರ ಬಳಕೆಯ ಲೆಕ್ಕದಲ್ಲಿ, ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ತೈಲ. 2020ರಲ್ಲಿ ಬೆಲೆ ನೆಲಕಚ್ಚಿದಾಗ ಅವನ್ನು ತುಂಬಿಸಿದ್ದು ಜಾಣತನ. ಆದರೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ದೇಶಕ್ಕೆ ಅಷ್ಟು ಸಾಲದು. ಗುಹೆ ಎಷ್ಟು ಹಿಡಿಯುತ್ತದೆ ಎಂಬುದು ಒಂದು ಲೆಕ್ಕ, ಇವತ್ತು ಅದರಲ್ಲಿ ಎಷ್ಟಿದೆ ಎಂಬುದು ಇನ್ನೊಂದು.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಾಲೇಜಿಗೆ ಒಂದು ಬೇಡಿಕೆ ಇಟ್ಟಿದ್ದೇವೆ. ಇತಿಹಾಸದ ತರಗತಿಗೆ ವಾರಕ್ಕೊಂದು ಪೀರಿಯಡ್ ಲೆಕ್ಕಕ್ಕೆಂದೇ ಬಿಡಬೇಕು, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇರಬೇಕು. ಕಲಿಸಲು ನಮ್ಮಲ್ಲೇ ಜನರಿದ್ದಾರೆ.