ಬೀಳೋದು ಗೊತ್ತಿದ್ದವರನ್ನೇ ಹಂಪಿಗೆ ಕರೆದೊಯ್ಯುತ್ತೇನೆ

ಪುಣೆಯ ಒಂದು ಕ್ಲೈಂಬಿಂಗ್ ಜಿಮ್‌ನಲ್ಲಿ ತರಬೇತಿ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಹಿಂಜೆವಾಡಿ, ಬಾಣೇರ್ ಕಡೆಯ ಐಟಿಯವರೇ ಜಾಸ್ತಿ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಹುಡುಗ ಹುಡುಗಿಯರೂ ಸಾಕಷ್ಟಿದ್ದಾರೆ. ಚಳಿ ಶುರುವಾದರೆ ಸಾಕು, "ಸರ್, ಈ ಸಲ ಹಂಪಿಗೆ ಹೋಗೋಣ್ರಿ" ಅಂತ ಗಂಟು ಬೀಳುತ್ತಾರೆ.

ನನಗೂ ಹೋಗುವ ಆಸೆಯೇ. ಹಗ್ಗವಿಲ್ಲದೆ, ಬರೀ ಶೂ ಮತ್ತು ಚಾಕ್ ಪುಡಿಯಲ್ಲಿ ಬಂಡೆ ಹತ್ತುವ ಬೌಲ್ಡರಿಂಗ್‌ಗೆ ನಮ್ಮ ದೇಶದಲ್ಲಿ ಹಂಪಿಯಂಥ ಜಾಗ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಆದರೆ ತಂಡ ಕಟ್ಟುವಾಗ ನಾನು ನೋಡುವುದು ಒಂದೇ: ಇವರು ಹೇಗೆ ಬೀಳುತ್ತಾರೆ? ಬಂಡೆಯ ಕಷ್ಟವನ್ನು ನಾವು ವಿ ಅಂಕಿಯಲ್ಲಿ ಹೇಳುತ್ತೇವೆ, ಅಂಕಿ ಏರಿದಷ್ಟೂ ಕಷ್ಟ. ವಿ5 ಹತ್ತುವ ಹುಡುಗನಿಗೆ "ಇನ್ನೂ ಸ್ವಲ್ಪ ದಿನ ತಡಿಯಪ್ಪ" ಎಂದು, ವಿ1 ಹತ್ತುವ ಹುಡುಗಿಯನ್ನು ಕರೆದೊಯ್ದದ್ದಿದೆ. ಅವನಿಗೆ ಬೇಜಾರಾಗಿತ್ತು. ಆದರೂ ನನ್ನ ತೀರ್ಮಾನ ಸರಿ ಅಂತಲೇ ಇವತ್ತಿಗೂ ಹೇಳುತ್ತೇನೆ.

ಕಾರಣ ಇದೆ. ಜಿಮ್‌ನಲ್ಲಿ ಗೋಡೆಯ ಕೆಳಗೆ ಈ ತುದಿಯಿಂದ ಆ ತುದಿವರೆಗೆ ದಪ್ಪ ಫೋಮ್ ಹಾಸಿರುತ್ತದೆ. ಎಲ್ಲಿ ಬಿದ್ದರೂ ಮೆತ್ತಗೆ. ಅಲ್ಲಿ ನಾವು ಕಲಿಸುವುದು, ಮಂಡಿ ಬಗ್ಗಿಸಿ ಕಾಲೂರಿ, ಕೈ ಎದೆಗೆ ಕಟ್ಟಿಕೊಂಡು, ಬೆನ್ನ ಮೇಲೆ ಹಿಂದಕ್ಕೆ ಉರುಳಿ ಅಂತ. ಕೈ ಹಿಂದಕ್ಕೆ ಊರಿದರೆ ಮಣಿಕಟ್ಟೋ ಮೊಣಕೈಯೋ ಹೋಯಿತು ಅಂತಲೇ ಲೆಕ್ಕ. ಹಂಪಿಯಲ್ಲಿ ನಮ್ಮ ಕೆಳಗಿರುವುದು ನಾವೇ ಹೊತ್ತೊಯ್ದ ಕ್ರ್ಯಾಶ್ ಪ್ಯಾಡ್, ಅಂದರೆ ಮಡಚಿ ಒಯ್ಯುವ ಫೋಮ್ ಹಾಸು. ಬಿಚ್ಚಿದರೆ ಸುಮಾರು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ. ಜಿಮ್‌ನ ಹಾಗೆ ಉರುಳಿದರೆ ತಲೆ ಪ್ಯಾಡಿನ ಆಚೆ, ಕಲ್ಲಿನ ಮೇಲೆ. ಅದಕ್ಕೇ ಹೊರಡುವ ಮುಂಚಿನ ವಾರಗಳಲ್ಲಿ ಫೋಮ್ ಮೇಲೆ ಸೀಮೆಸುಣ್ಣದಿಂದ ಪ್ಯಾಡಿನಷ್ಟೇ ಚೌಕ ಬರೆದು, ಅದರೊಳಗೇ ಬಿದ್ದು ಅಲ್ಲೇ ನಿಲ್ಲಲು ಅಭ್ಯಾಸ ಮಾಡಿಸುತ್ತೇನೆ. ಕೆಲವರಿಗೆ ಇದು ಸುಮ್ನೆ ಆಟ ಅನ್ನಿಸುತ್ತದೆ. ಚೌಕದ ಹೊರಗೆ ಕಾಲಿಟ್ಟವರು ಮತ್ತೆ ಮೊದಲಿಂದ.

ಇನ್ನೊಂದು, ಕೆಳಗೆ ನಿಂತು ಕಾಯುವವರ ಕೆಲಸ. ಸ್ಪಾಟಿಂಗ್ ಅಂತೀವಿ. ಬೀಳುವವರನ್ನು ಮಗುವಿನ ಹಾಗೆ ಎತ್ತಿ ಹಿಡಿಯಲು ಆಗುವುದಿಲ್ಲ, ಹಿಡಿಯಲು ಹೋದವರಿಗೂ ಪೆಟ್ಟಾಗುತ್ತದೆ. ಸೊಂಟ, ಪಕ್ಕೆಯ ಹತ್ತಿರ ಕೈಯಿಟ್ಟು ಅವರನ್ನು ಪ್ಯಾಡಿನ ಕಡೆಗೆ ತಿರುಗಿಸಬೇಕು, ತಲೆ ಮತ್ತು ಕತ್ತು ಕಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಬೆರಳು ಅಗಲಿಸಿದರೆ ಮುರಿಯುತ್ತವೆ, ಹೆಬ್ಬೆರಳನ್ನೂ ಒತ್ತಿ ಸೇರಿಸಿಡಬೇಕು. ಎರಡು ಪ್ಯಾಡುಗಳ ನಡುವಿನ ಸಂದಿಯಲ್ಲಿ ಪಾದ ಸಿಕ್ಕು ಉಳುಕುವುದೇ ಜಾಸ್ತಿ, ಹಾಗಾಗಿ ಆ ಸಂದಿಯ ಮೇಲೂ ಕಣ್ಣಿರಬೇಕು. ಸ್ಪಾಟಿಂಗ್‌ಗೆ ನಿಂತವರ ಕೈಯಲ್ಲಿ ಮೊಬೈಲ್ ಇರಕೂಡದು. ಫೋಟೋ ಬೇಕಿದ್ದರೆ ಮೂರನೆಯವರು ತೆಗೆಯಲಿ. ಈ ವಿಷಯದಲ್ಲಿ ನಾನು ಯಾರ ದಾಕ್ಷಿಣ್ಯಕ್ಕೂ ಒಳಗಾಗುವುದಿಲ್ಲ.

ಬಂಡೆಯ ತುದಿಯೂ ಬೇರೆ. ಜಿಮ್‌ನಲ್ಲಿ ಕೊನೆಯ ಹಿಡಿ ಮುಟ್ಟಿದರೆ ಮುಗಿಯಿತು. ಹಂಪಿಯಲ್ಲಿ ಈಜು ಮುಗಿಸಿ ಬಾವಿಕಟ್ಟೆ ಏರುವ ಹಾಗೆ ಅಂಗೈ ಊರಿ, ಕಾಲೆತ್ತಿ ಹಾಕಿ ಮೇಲೆ ಬರಬೇಕು. ಆಮೇಲೆ ಇಳಿಯಬೇಕಲ್ವಾ? ಹಿಂಬದಿಯ ದಾರಿ ಯಾವುದು ಅಂತ ಹತ್ತುವ ಮೊದಲೇ ಸುತ್ತಿ ನೋಡಿಸುತ್ತೇನೆ. ಹಾಗೆ ಸುತ್ತುವಾಗಲೇ ಹೆಜ್ಜೇನು ಕಟ್ಟಿದೆಯಾ ಅಂತಲೂ ಕತ್ತೆತ್ತಿ ನೋಡಬೇಕು.

ನಮ್ಮ ಸಹ್ಯಾದ್ರಿಯ ಕರಿಕಲ್ಲು ಲಾವಾ ಹರಿದು ಆದದ್ದು, ಸುಮಾರು 6.6 ಕೋಟಿ ವರ್ಷ ಹಳೆಯದು. ಹಂಪಿಯ ಗ್ರಾನೈಟ್ ಅದಕ್ಕಿಂತ ಎಷ್ಟೋ ಪಾಲು ಹಳೆಯದು, 250 ಕೋಟಿ ವರ್ಷದ ಆಸುಪಾಸು. ಅದರ ಹರಳುಗಳು ಬೆರಳ ಚರ್ಮವನ್ನು ಉಪ್ಪುಕಾಗದದ ಹಾಗೆ ತಿನ್ನುತ್ತವೆ. ಬಿಸಿಲೇರಿದ ಮೇಲೆ ಕೈ ಬೆವರಿ ಹಿಡಿತ ಜಾರುತ್ತದೆ. ಹಾಗಾಗಿ ಬೆಳಗ್ಗೆ ಬೇಗ, ಇಲ್ಲವೇ ಸಂಜೆ. ನಡುವಿನ ಹೊತ್ತು ಆನೆಗೊಂದಿಯಲ್ಲಿ ಊಟ, ನಿದ್ದೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಗುಡಿ, ಮಂಟಪ, ಕೆತ್ತನೆ ಇರುವ ಕಲ್ಲಿನ ಹತ್ತಿರ ಚಾಕ್ ಚೀಲ ತೆಗೆಯಲೂ ಬಿಡುವುದಿಲ್ಲ. ಹತ್ತಿದ ಬಂಡೆಯ ಬಿಳಿ ಗುರುತನ್ನು ಬ್ರಷ್‌ನಿಂದ ಉಜ್ಜಿಯೇ ಹೊರಡಬೇಕು.

ಈಗ ನಮ್ಮ ಗುಂಪಿಗೆ ಲಡಾಖ್‌ನ ಸುರು ಕಣಿವೆಯ ಹುಚ್ಚು ಹತ್ತಿದೆ. ಚಳಿ ಮರುಭೂಮಿ, 3000 ಮೀಟರ್‌ಗೂ ಮೇಲೆ, ದೊಡ್ಡ ಆಸ್ಪತ್ರೆ ಬೇಕೆಂದರೆ ಕಾರ್ಗಿಲ್‌ಗೇ ಹೋಗಬೇಕು. ವಿಮಾನದಲ್ಲಿ ಹೆಚ್ಚು ಪ್ಯಾಡ್ ಒಯ್ಯುವುದೂ ಕಷ್ಟ. ಕಲಬುರಗಿಯ ಹುಡುಗಿಯೊಬ್ಬಳು "ಸರ್, ಟಿಕೆಟ್ ಅಗ್ಗ ಅದಾವ್ರಿ, ಬುಕ್ ಮಾಡ್ಲೇನ್ರಿ?" ಅಂದಳು. ಎಷ್ಟು ಪ್ಯಾಡ್ ಒಯ್ಯಬಹುದು, ಅಷ್ಟರಲ್ಲಿ ಎಷ್ಟು ಎತ್ತರದ ಬಂಡೆ ಹತ್ತಬಹುದು ಅನ್ನುವ ಲೆಕ್ಕ ಬರೆದು ತಾ, ಆಮೇಲೆ ಟಿಕೆಟ್ ಅಂದಿದ್ದೇನೆ.