ಫೈರ್ ಎಂಜಿನ್ ಕೊಂಡ ಕೋಳಿ ಊಟ

ಅಮೆರಿಕದ ಸಣ್ಣ ಊರುಗಳ ಫೈರ್ ಕಂಪನಿಗಳಲ್ಲಿ, ಅಂದರೆ ಊರಿನ ಅಗ್ನಿಶಾಮಕ ದಳಗಳಲ್ಲಿ, ಗೋಡೆ ತುಂಬ ಗಂಡಸರ ಫೋಟೋಗಳು. ಹೆಲ್ಮೆಟ್ಟು, ದಪ್ಪ ಮೀಸೆ, ಬೆನ್ನ ಹಿಂದೆ ಹೊಸ ಪಂಪರ್, ಅಂದರೆ ಪಂಪ್ ಇರುವ ಫೈರ್ ಎಂಜಿನ್. ಆ ಪಂಪರಿನ ಸಾಲ ಹೇಗೆ ತೀರಿತು ಅನ್ನುವುದು ಗೋಡೆಯ ಮೇಲೆ ಇರುವುದಿಲ್ಲ. ಅದು ಬೇಕಿದ್ದರೆ ಅಡುಗೆಮನೆ ಬೀರುವಿನಲ್ಲಿರುವ ಲೆಕ್ಕದ ಪುಸ್ತಕ ತೆಗೆಯಬೇಕು. ಆ ಪುಸ್ತಕ ಲೇಡೀಸ್ ಆಕ್ಸಿಲಿಯರಿಯದು, ಅಂದರೆ ಕಂಪನಿಗೆ ಬೆನ್ನೆಲುಬಾಗಿ ನಿಂತ ಹೆಂಗಸರ ಸಂಘದ್ದು.

ಬೆಂಕಿ ಆರಿಸುವವರೆಂದರೆ ಸಂಬಳದ ಸರ್ಕಾರಿ ನೌಕರರು ಎಂದುಕೊಂಡು ಓದಿದರೆ ಈ ಇತಿಹಾಸ ಅರ್ಥವಾಗದು. 2020ರಲ್ಲಿ ಅಮೆರಿಕದಲ್ಲಿ ಸುಮಾರು 10.41 ಲಕ್ಷ ಅಗ್ನಿಶಾಮಕರಿದ್ದರು. ಅವರಲ್ಲಿ 6.77 ಲಕ್ಷ, ಅಂದರೆ ನೂರಕ್ಕೆ 65 ಜನ, ಸ್ವಯಂಸೇವಕರು. ಮೆಕ್ಯಾನಿಕ್, ರೈತ, ಅಂಗಡಿಯವ. ಸೈರನ್ ಕೂಗಿದರೆ ಕೈಲಿದ್ದ ಕೆಲಸ ಬಿಟ್ಟು ಓಡುವವರು. ಸಂಬಳ ಇಲ್ಲದಿದ್ದರೂ ಹೋಸ್‌ಗೆ, ಡೀಸೆಲ್‌ಗೆ, ಕಟ್ಟಡದ ಚಾವಣಿಗೆ ದುಡ್ಡು ಬೇಕಲ್ಲ. ತೆರಿಗೆಯ ಪಾಲು ಸಾಕಾಗದ ಊರುಗಳಲ್ಲಿ ಕಂಪನಿಯೇ ಅದನ್ನು ಹೊಂದಿಸಿಕೊಳ್ಳಬೇಕು.

ಈ ಪದ್ಧತಿಯ ಬೇರು ಫಿಲಡೆಲ್ಫಿಯದಲ್ಲಿದೆ. 1736ರ ಡಿಸೆಂಬರ್ 7ರಂದು ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಕರಾರಿನ ಪ್ರಕಾರ ಪ್ರತಿ ಸದಸ್ಯ ಸ್ವಂತ ಖರ್ಚಿನಲ್ಲಿ ಎರಡು ಚರ್ಮದ ಬಕೆಟ್ ಮತ್ತು ನಾಲ್ಕು ಬಟ್ಟೆ ಚೀಲ ಇಟ್ಟುಕೊಂಡಿರಬೇಕು. ಒಂದೊಂದು ಚೀಲಕ್ಕೂ ಕನಿಷ್ಠ ನಾಲ್ಕು ಗಜ ಬಟ್ಟೆ, ಬಾಯಿಗೆ ಎಳೆದು ಕಟ್ಟುವ ದಾರ. ಉರಿಯುವ ಮನೆಯಿಂದ ಸಾಮಾನು ತುಂಬಿ ಹೊರಗೆ ಎಳೆಯಲು ಈ ಚೀಲ. ಸಹಿ ಹಾಕಿದವರೆಲ್ಲ ಗಂಡಸರು. ಚೀಲ ಹೊಲಿದವರು ಯಾರೆಂದು ಕರಾರಿನಲ್ಲಿ ಬರೆದಿಲ್ಲ.

ಹೆಂಗಸರ ಮಾತು ಬಂದಾಗ ಸಾಮಾನ್ಯವಾಗಿ ಎರಡು ಹೆಸರು ಹೇಳುತ್ತಾರೆ. 1818ರ ಹಿಮದ ಹೊತ್ತಿನಲ್ಲಿ ನ್ಯೂಯಾರ್ಕಿನ ಓಷಿಯಾನಸ್ ಎಂಜಿನ್ ಕಂಪನಿ 11ರ ಪಂಪ್ ಎಳೆದಳೆಂದು ಕಥೆಯಾಗಿರುವ ಕಪ್ಪು ಜನಾಂಗದ ಮೋಲಿ ವಿಲಿಯಮ್ಸ್ ಒಬ್ಬಳು. ಸ್ಯಾನ್ ಫ್ರಾನ್ಸಿಸ್ಕೋದ ನಿಕರ್‌ಬಾಕರ್ ಎಂಜಿನ್ ಕಂಪನಿ ನಂ. 5, 1863ರಲ್ಲಿ ಗೌರವ ಸದಸ್ಯೆ ಮಾಡಿಕೊಂಡ ಲಿಲ್ಲಿ ಹಿಚ್‌ಕಾಕ್ ಕೋಯ್ಟ್ ಇನ್ನೊಬ್ಬಳು. ಅವಳು ಬಿಟ್ಟುಹೋದ ಹಣದಿಂದಲೇ 1933ರಲ್ಲಿ 210 ಅಡಿಯ ಕೋಯ್ಟ್ ಟವರ್ ಎದ್ದಿತು. ಚೆಂದದ ಕಥೆಗಳೇ, ಆದರೆ ಆಕ್ಸಿಲಿಯರಿಯ ಇತಿಹಾಸ ಇವಲ್ಲ. ಅದರಲ್ಲಿ ನಾಯಕಿಯರಿಲ್ಲ, ಸಮಿತಿಗಳಿವೆ.

19ನೇ ಶತಮಾನದಲ್ಲಿ ಊರ ಹೆಂಗಸರು ಕಂಪನಿಗೆ ರೇಷ್ಮೆ ಬಾವುಟ, ಬೆಳ್ಳಿಯ ತುತ್ತೂರಿ ಕೊಡುತ್ತಿದ್ದರು. ಬೆಂಕಿಯ ಗದ್ದಲದಲ್ಲಿ ಆಜ್ಞೆ ಕೂಗಲು ಬಳಸುತ್ತಿದ್ದ ತುತ್ತೂರಿಯ ಅಲಂಕಾರದ ರೂಪ ಅದು. ಜೊತೆಗೆ ಸಹಿ ಕೌದಿಗಳು: ಹತ್ತು ಸೆಂಟಿನ ಆಸುಪಾಸು ಕೊಟ್ಟವರ ಹೆಸರನ್ನು ಚೌಕದಲ್ಲಿ ಕಸೂತಿ ಹಾಕಿ, ಕೊನೆಗೆ ಇಡೀ ಕೌದಿಯನ್ನೇ ಹರಾಜು ಹಾಕುವುದು. ಒಂದೇ ಬಟ್ಟೆಯಿಂದ ಎರಡು ಸಲ ದುಡ್ಡು! 1853ರ ಏಪ್ರಿಲ್ 1ರಂದು ಸಿನ್ಸಿನಾಟಿ ನಗರ ಉಗಿ ಪಂಪ್ ಇಟ್ಟುಕೊಂಡು ಸಂಬಳದ ದಳ ಶುರುಮಾಡಿತು. ದೊಡ್ಡ ನಗರಗಳು ಅದೇ ದಾರಿ ಹಿಡಿದವು, ಸ್ವಯಂಸೇವಕರು ಸಣ್ಣ ಊರುಗಳಲ್ಲಿ ಉಳಿದರು. ಆ ಊರುಗಳಿಗೆ ಮೋಟಾರ್ ಪಂಪರ್ ಬಂದಾಗ ಸಾಲವೂ ಬಂತು. ಅಲ್ಲಿಯವರೆಗೆ ಹಬ್ಬಕ್ಕೊಮ್ಮೆ ಸೇರುತ್ತಿದ್ದ ಹೆಂಗಸರು ನಿಯಮಾವಳಿ, ಪದಾಧಿಕಾರಿಗಳು, ತಿಂಗಳ ಸಭೆ, ಬೇರೆಯೇ ಖಾತೆ ಎಂದು ಸಂಘ ಕಟ್ಟಿಕೊಂಡರು. ಸದಸ್ಯರ ಹೆಂಡತಿ, ತಾಯಿ, ಮಗಳು, ಅಕ್ಕತಂಗಿಯರಿಗೆ ಮಾತ್ರ ಪ್ರವೇಶ ಎಂಬುದು ಸಾಮಾನ್ಯ ನಿಯಮ.

ಬೇರೆ ಖಾತೆ ಎಂಬುದು ಸಣ್ಣ ವಿಷಯ ಅಲ್ಲ. ದುಡ್ಡು ಬೇಕಾದಾಗ ಕಂಪನಿಯವರು ಹೆಂಗಸರ ಸಭೆಗೆ ಬಂದು ಕೇಳಬೇಕು. ಅವರು ಠರಾವು ಮಾಡಿ ಕೊಡಬೇಕು ಅಥವಾ ಇಲ್ಲ ಅನ್ನಬೇಕು. ಕಂಪನಿಯ ಸಭೆಯಲ್ಲಿ ಮತವಿಲ್ಲದವರಿಗೆ ಇದ್ದ ಹಿಡಿತ ಇದೊಂದೇ. ಎರಡೂ ಲೆಕ್ಕ ಒಂದೇ ಖಾತೆಗೆ ಬಿದ್ದ ಕಡೆ ಜಗಳ ಖಾತ್ರಿ, ಯಾಕೆಂದರೆ ಆಮೇಲೆ ಯಾರ ದುಡಿಮೆ ಎಷ್ಟೆಂದು ಬಿಡಿಸಲು ಆಗುವುದಿಲ್ಲ.

ಇನ್ನು ಫೈರ್ ಫೋನ್. ಇದನ್ನು ಸಹಾಯ ಅಂತ ಕರೆದರೆ ತಪ್ಪಾಗುತ್ತದೆ, ಇದು ನೇರ ಡ್ಯೂಟಿ. ಠಾಣೆಯಲ್ಲಿ ಕಾಯುವವರಿಲ್ಲದ ಊರಿನಲ್ಲಿ ತುರ್ತು ಕರೆ ಹಲವು ಮನೆಗಳಲ್ಲಿ ಒಟ್ಟಿಗೆ ರಿಂಗ್ ಆಗುವಂತೆ ಕೆಂಪು ಫೋನು ಹಾಕಿರುತ್ತಿದ್ದರು. ಗಂಡ ಹೊಲದಲ್ಲೋ ಗ್ಯಾರೇಜಿನಲ್ಲೋ ಇರುತ್ತಿದ್ದ. ಎತ್ತುತ್ತಿದ್ದವಳು ಮನೆಯಲ್ಲಿದ್ದ ಹೆಂಗಸು. ಮನೆ ಹೊತ್ತಿಕೊಂಡವರು ಗಾಬರಿಯಲ್ಲಿ "ಬೇಗ ಬನ್ನಿ" ಅಂದು ಫೋನ್ ಇಟ್ಟುಬಿಡುತ್ತಾರೆ. ಆದ್ದರಿಂದ ಮೊದಲು ಕೇಳುವುದು ಜಾಗ. ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರಾ ಅನ್ನುವುದೆಲ್ಲ ಆಮೇಲೆ. ಸೈರನ್ ಗುಂಡಿ ಒತ್ತಿ, ಫೋನ್ ಮರದಲ್ಲಿ ತನ್ನ ಪಾಲಿನ ನಾಲ್ಕೈದು ಮನೆಗೆ ಸುದ್ದಿ ಮುಟ್ಟಿಸಬೇಕು. ಅವರು ಮುಂದಿನ ನಾಲ್ಕೈದು ಮನೆಗೆ. ಕೊಂಡಿ ಕಡಿಯುತ್ತಿದ್ದುದು ಯಾರೋ ಮನೆಯಲ್ಲಿಲ್ಲದಾಗ. ಎತ್ತದಿದ್ದರೆ ಅವರ ಕೆಳಗಿನ ಹೆಸರುಗಳನ್ನೂ ನೀನೇ ಕರೆಯಬೇಕು ಎಂಬ ನಿಯಮ ಇಲ್ಲದ ಪಟ್ಟಿ ಕೆಲಸಕ್ಕೆ ಬಾರದು. ಮನೆ ಬಿಟ್ಟು ಹೊರಡುವುದಿದ್ದರೆ ಇನ್ನೊಬ್ಬಳಿಗೆ ಹೇಳಿಯೇ ಹೊರಡಬೇಕು. 1968ರ ಫೆಬ್ರವರಿ 16ರಂದು ಅಲಬಾಮದ ಹೇಲಿವಿಲ್‌ನಲ್ಲಿ ಇಡೀ ದೇಶಕ್ಕೆ ಒಂದೇ ತುರ್ತು ಸಂಖ್ಯೆಯಾದ 911ರ ಮೊದಲ ಕರೆ ಹೋಯಿತು. ಪೇಜರು, ಕೌಂಟಿಯ (ಜಿಲ್ಲೆಯ) ಕಂಟ್ರೋಲ್ ರೂಮು ಬಂದ ಮೇಲೆ ಈ ಕಾವಲು ತಾನಾಗಿ ಮುಗಿಯಿತು.

ಆಕ್ಸಿಲಿಯರಿ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಬೆಂಕಿ ಬಿದ್ದ ಜಾಗದಲ್ಲಿ ಕಾಫಿ. ಹಗುರವಾಗಿ ಕಾಣುವ ಈ ಕೆಲಸದಲ್ಲೂ ಲೆಕ್ಕವಿದೆ. 100 ಕಪ್ಪಿನ ಅರ್ನ್ (ಕಾಫಿ ಕಾಯಿಸುವ ದೊಡ್ಡ ಕರೆಂಟ್ ಪಾತ್ರೆ) ಅನ್ನುವಾಗ ಕಪ್ ಅಂದರೆ 5 ಔನ್ಸ್. 8 ಔನ್ಸಿನ ಕಾಗದದ ಲೋಟಕ್ಕೆ ಸುರಿದರೆ 62ಕ್ಕೇ ಖಾಲಿ. ಪುಡಿ ಆರೂಕಾಲು ಕಪ್ಪಿನಷ್ಟು, ದಪ್ಪಗೆ ಬೀಸಿದ್ದು. ನುಣ್ಣನೆಯದಾದರೆ ಬುಟ್ಟಿಯ ತೂತು ಕಟ್ಟಿಕೊಂಡು ಚರಟ ಕೆಳಗಿಳಿಯುತ್ತದೆ. ನೀರು ತಣ್ಣಗಿರಬೇಕು. ಬೇಗ ಆಗಲಿ ಅಂತ ಬಿಸಿ ನೀರು ಹಾಕಿದರೆ ಥರ್ಮೋಸ್ಟಾಟ್ ಮೋಸಹೋಗಿ ಮೊದಲೇ ಆಫ್ ಆಗುತ್ತದೆ, ಕಾಫಿ ನೀರು ನೀರಾಗಿ ಉಳಿಯುತ್ತದೆ. ಕಪ್ಪಿಗೊಂದು ನಿಮಿಷದ ಲೆಕ್ಕದಲ್ಲಿ ತುಂಬಿದ ಅರ್ನ್‌ಗೆ ಸುಮಾರು ನೂರು ನಿಮಿಷ ಬಿಡುವುದು ಕ್ಷೇಮ. ಸಣ್ಣ ಬೆಂಕಿ ಅಷ್ಟರಲ್ಲಿ ಆರಿರುತ್ತದೆ, ಹಾಗಾಗಿ ಮೊದಲ ಸುತ್ತಿಗೆ ಇನ್‌ಸ್ಟಂಟ್ ಪುಡಿಯೇ ಗತಿ. ಕರೆಂಟಿನ ವಿಷಯ ಇನ್ನೊಂದು: 1,500 ವಾಟಿನ ಅರ್ನ್ 120 ವೋಲ್ಟಿನಲ್ಲಿ 12.5 ಆಂಪಿಯರ್ ಎಳೆಯುತ್ತದೆ. 20 ಆಂಪಿಯರಿನ ಒಂದು ಲೈನಿಗೆ ಒಂದೇ ಅರ್ನ್. ಎರಡನೆಯದು ಚುಚ್ಚಿದರೆ ಬ್ರೇಕರ್ ಬೀಳುತ್ತದೆ, ಕೆಲವೊಮ್ಮೆ ಇಡೀ ಅಡುಗೆಮನೆ ಕತ್ತಲಾಗುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಕೋಳಿ ಬಾರ್ಬೆಕ್ಯೂವೇ ರಾಜ. ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಬೇಕರ್, ಕೋಳಿ ಸಾಕುವವರ ಮಾಲು ಹೆಚ್ಚು ಹೋಗಲಿ ಎಂದು 1950ರಲ್ಲಿ ಹೊರತಂದ ಕಿರುಪುಸ್ತಿಕೆಯ ಸಾಸು ಊರೂರಿಗೆ ಹರಡಿತು. ಹತ್ತು ಅರ್ಧ ಕೋಳಿಗೆ ಒಂದು ಮೊಟ್ಟೆ, ಒಂದು ಕಪ್ ಎಣ್ಣೆ, ಎರಡು ಕಪ್ ಸೈಡರ್ ವಿನೆಗರ್, ಮೂರು ಟೇಬಲ್ ಚಮಚ ಉಪ್ಪು, ಒಂದು ಟೇಬಲ್ ಚಮಚ ಪೌಲ್ಟ್ರಿ ಮಸಾಲೆ, ಅರ್ಧ ಟೀ ಚಮಚ ಕರಿಮೆಣಸಿನ ಪುಡಿ. 300 ಅರ್ಧ ಕೋಳಿಯ ಊಟಕ್ಕೆ ಇದರ ಮೂವತ್ತರಷ್ಟು: 30 ಮೊಟ್ಟೆ, ಏಳು ಲೀಟರ್ ಎಣ್ಣೆ, ಹದಿನಾಲ್ಕು ಲೀಟರ್ ವಿನೆಗರ್, ಒಂದೂವರೆ ಕಿಲೋ ದಾಟುವ ಉಪ್ಪು. ಮೊದಲು ಮೊಟ್ಟೆ ಕಡೆಯಬೇಕು, ಅದಕ್ಕೆ ಎಣ್ಣೆ ಬಿಟ್ಟು ಮತ್ತೆ ಕಡೆಯಬೇಕು, ವಿನೆಗರ್ ಕೊನೆಗೆ. ಮೊಟ್ಟೆಯೇ ಎಣ್ಣೆ-ವಿನೆಗರನ್ನು ಕೂಡಿಸಿ ಹಿಡಿಯುವುದು. ಅದನ್ನು ಬಿಟ್ಟರೆ ಸಾಸು ಒಡೆದು, ಕೋಳಿಗೆ ಹತ್ತದೆ ಕೆಂಡದ ಮೇಲೆ ಸುರಿದುಹೋಗುತ್ತದೆ.

ಕಾಂಕ್ರೀಟ್ ಇಟ್ಟಿಗೆ ಸಾಲಾಗಿ ಜೋಡಿಸಿ ನಡುವೆ ಇದ್ದಿಲು. ಇದ್ದಿಲ ಮೇಲೆ ಬೂದು ಪದರ ಬರುವ ತನಕ ಕೋಳಿ ಇಡಬಾರದು, ಅದಕ್ಕೆ ಅರ್ಧ ಗಂಟೆ ಬೇಕು. ಎರಡು ಜಾಲರಿಗಳ ನಡುವೆ ಕೋಳಿ ಸಿಕ್ಕಿಸಿ, ಇಬ್ಬರು ಆಚೀಚೆ ನಿಂತು ಐದರಿಂದ ಹತ್ತು ನಿಮಿಷಕ್ಕೊಮ್ಮೆ ಮಗುಚಿ ಸಾಸು ಬಳಿಯುತ್ತಾ ಸುಮಾರು ಒಂದು ಗಂಟೆ. ಹೊರಗೆ ಕರಿ, ಮೂಳೆಯ ಬಳಿ ಹಸಿ ಎಂಬ ಗೋಳು ಬರುವುದು ಆತುರದಿಂದ: ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೂ ಮಗುಚದೆ ಬಿಟ್ಟಾಗ. ತೊಡೆಯ ದಪ್ಪ ಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ಬಂದರೆ ಮಾತ್ರ ಬೆಂದಂತೆ. ಹಸಿ ಕೋಳಿಗೆ ಅದ್ದಿದ ಬ್ರಷ್ಷಿನ ಸಾಸನ್ನು ಬಡಿಸುವ ಬಟ್ಟಲಿಗೆ ಸುರಿಯಬಾರದು. ಬೆಂದದ್ದನ್ನು 60 ಡಿಗ್ರಿಗಿಂತ ಮೇಲೆ ಇಡಬೇಕು. ಹಾಗೇ ಹೊರಗಿಟ್ಟರೆ ಎರಡು ಗಂಟೆಯೊಳಗೆ, 32 ಡಿಗ್ರಿ ಮೀರಿದ ಬಿಸಿಲಿನಲ್ಲಾದರೆ ಒಂದೇ ಗಂಟೆಯೊಳಗೆ ಖರ್ಚಾಗಬೇಕು. ಟಿಕೆಟ್ ಮುಂಚಿತವಾಗಿ ಮಾರುವುದರ ಗುಟ್ಟೂ ಇಲ್ಲೇ ಇದೆ. ಮಳೆ ಬಂದರೂ ದುಡ್ಡು ಕೈ ಸೇರಿರುತ್ತದೆ, ಕೋಳಿ ಎಷ್ಟು ತರಿಸಬೇಕೆಂಬುದೂ ಗೊತ್ತಿರುತ್ತದೆ.

ಬಿಂಗೊ, ಅಂದರೆ ದುಡ್ಡು ಕಟ್ಟಿ ಆಡುವ ಅಂಕಿಗಳ ಆಟ, ಬಂದದ್ದು ಕಾನೂನು ಸಡಿಲಾದ ಮೇಲೆ. ನ್ಯೂಜೆರ್ಸಿಯ ಮತದಾರರು 1953ರಲ್ಲಿ ಒಪ್ಪಿದ ತಿದ್ದುಪಡಿಯಲ್ಲಿ, ಬಿಂಗೊ ನಡೆಸಬಹುದಾದವರ ಪಟ್ಟಿಯಲ್ಲಿ ಸ್ವಯಂಸೇವಕ ಫೈರ್ ಕಂಪನಿಗಳ ಹೆಸರೇ ಇತ್ತು. ನ್ಯೂಯಾರ್ಕ್ 1957ರಲ್ಲಿ, ಪೆನ್ಸಿಲ್ವೇನಿಯ 1981ರಲ್ಲಿ ಹಾದಿ ಬಿಟ್ಟವು. ಇದರ ಅಪಾಯ ಸರಳ: ಬಹುಮಾನ ಮೊದಲೇ ಸಾರಿದ್ದು, ಜನ ಬರುವುದು ಹವಾಮಾನದ ಮೇಲೆ. 1,000 ಡಾಲರ್ ಬಹುಮಾನದ ರಾತ್ರಿ ಹಿಮ ಬಿದ್ದು 40 ಜನ ಬಂದು ತಲಾ 20 ಡಾಲರ್ ಆಡಿದರೆ ಸಂಘಕ್ಕೆ 200 ಡಾಲರ್ ಕೈಯಿಂದಲೇ ಹೋಯಿತು. ಬಂದವರ ಸಂಖ್ಯೆಗೆ ತಕ್ಕಂತೆ ಬಹುಮಾನ ಎಂದು ಮೊದಲೇ ಬೋರ್ಡ್ ಹಾಕಿದವರು ಬಚಾವ್.

ಬೆಂಕಿಯ ಜಾಗದ ಕ್ಯಾಂಟೀನಿಗೆ ಈಗ ಬೇರೆ ಹೆಸರು, ರಿಹ್ಯಾಬ್. ಡ್ಯೂಟಿಯಲ್ಲಿ ಸಾಯುವ ಅಗ್ನಿಶಾಮಕರಲ್ಲಿ ಹೃದಯಾಘಾತದ ಪಾಲೇ ದೊಡ್ಡದು ಎಂಬುದು ಸ್ಪಷ್ಟವಾದಂತೆ ಕಾಫಿ-ಡೋನಟ್ ಸಾಲದು ಅನ್ನಿಸಿತು. ಎನ್‌ಎಫ್‌ಪಿಎ ಎಂಬ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಮಾನದಂಡದ ಪ್ರಕಾರ 30 ನಿಮಿಷದ ಎರಡು ಗಾಳಿ ಸಿಲಿಂಡರ್ ಮುಗಿಸಿದವರು, ಅಥವಾ ಸಿಲಿಂಡರ್ ಇಲ್ಲದೆ 40 ನಿಮಿಷ ಜೋರು ಕೆಲಸ ಮಾಡಿದವರು, ಕನಿಷ್ಠ 20 ನಿಮಿಷ ಕೂರಬೇಕು. ಕೋಟು ಬಿಚ್ಚಿಯೇ ಒಳಗೆ ಬರಬೇಕು, ತಿನ್ನುವ ಮುಂಚೆ ಕೈ, ಮುಖ, ಕುತ್ತಿಗೆ ತೊಳೆಯಬೇಕು. ಅಗ್ನಿಶಾಮಕ ವೃತ್ತಿಯ ಒಡ್ಡಿಕೆಯನ್ನು 2022ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಲಾಗಿದೆ. ಸೆಕೆಯಲ್ಲಿ ಮುಂಗೈಗಳನ್ನು ತಣ್ಣೀರಿನಲ್ಲಿ ಮುಳುಗಿಸಿ ಕೂರಿಸುವುದು ಫ್ಯಾನಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಾಡಿ, ರಕ್ತದೊತ್ತಡ ನೋಡುವುದು ವೈದ್ಯಕೀಯ ತರಬೇತಿ ಇದ್ದವರ ಕೆಲಸ. ಆದರೆ ಸ್ಯಾಂಡ್‌ವಿಚ್ ಕೊಡುವಾಕೆಗೆ ಆ ಮುಖಗಳೆಲ್ಲ ವರ್ಷಗಟ್ಟಲೆ ಪರಿಚಯ. ಮಾತು ತೊದಲಿದ್ದು, ಮುಖ ಬಿಳಿಚಿದ್ದು ಎಷ್ಟೋ ಸಲ ಅವಳ ಕಣ್ಣಿಗೇ ಮೊದಲು ಬೀಳುತ್ತದೆ.

1972ರಲ್ಲಿ ಉದ್ಯೋಗ ತಾರತಮ್ಯ ವಿರೋಧಿ ಕಾನೂನು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೂ ಅನ್ವಯವಾಯಿತು. 1974ರಲ್ಲಿ ವರ್ಜೀನಿಯದ ಆರ್ಲಿಂಗ್ಟನ್ ಕೌಂಟಿ ಜೂಡಿತ್ ಲಿವರ್ಸ್ ಅವರನ್ನು ಸಂಬಳದ ಅಗ್ನಿಶಾಮಕಳಾಗಿ ಸೇರಿಸಿಕೊಂಡಿತು. ಸ್ವಯಂಸೇವಕ ಕಂಪನಿಗಳ ಬಾಗಿಲೂ ನಿಧಾನವಾಗಿ ತೆರೆಯಿತು. ಹೋಸ್ ಹಿಡಿಯಬಲ್ಲವರು ಅರ್ನ್ ಕಾಯಲು ಯಾಕೆ ಬರುತ್ತಾರೆ? ಹಗಲು ಮನೆಯಲ್ಲಿರುವವರೂ ಕಡಿಮೆಯಾದರು. ಸಂಘಗಳು ಹೆಸರಿನಿಂದ "ಲೇಡೀಸ್" ತೆಗೆದು ಗಂಡಸರನ್ನೂ ಸೇರಿಸಿಕೊಂಡವು, ಕೆಲವು ಮುಚ್ಚಿದವು.

ಮುಚ್ಚದೆಯೂ ಕಾಗದದ ಮೇಲೆ ಸತ್ತವು ಇವೆ. ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದ ಸಂಘ ತೆರಿಗೆ ಇಲಾಖೆಗೆ 990-ಎನ್ ಎಂಬ ಪುಟ್ಟ ಆನ್‌ಲೈನ್ ಫಾರ್ಮ್ ತುಂಬಬೇಕು. ಸತತ ಮೂರು ವರ್ಷ ತಪ್ಪಿದರೆ ತೆರಿಗೆ ವಿನಾಯಿತಿ ತಾನಾಗಿ ರದ್ದು. 2011ರ ಮೊದಲ ಪಟ್ಟಿಯಲ್ಲೇ ಸುಮಾರು 2,75,000 ಸಂಸ್ಥೆಗಳು ಹೋದವು. ಖಜಾಂಚಿ ಬದಲಾದಾಗ ಲಾಗಿನ್ ಹಳಬರ ಬಳಿಯೇ ಉಳಿಯುವುದು, ಇಲಾಖೆಯ ಪತ್ರ ಎಂದೋ ಬಿಟ್ಟ ಮನೆಯ ವಿಳಾಸಕ್ಕೆ ಹೋಗುವುದು, ಇಷ್ಟು ಸಾಕು.

ಹಳೆಯ ಪುಸ್ತಕಗಳಿರುವ ಸಂಘದವರು ಮೊದಲು ಅವನ್ನು ನೆಲಮಾಳಿಗೆಯಿಂದ ಮೇಲೆ ತರಬೇಕು, ತೇವ ಸೇರುವುದು ಅಲ್ಲೇ. ರಬ್ಬರ್ ಬ್ಯಾಂಡು, ತುಕ್ಕು ಹಿಡಿದ ಪಿನ್ನು ತೆಗೆದು, ಆಮ್ಲರಹಿತ ಡಬ್ಬಿಯಲ್ಲಿಟ್ಟು, 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಓದಲು ಸಾಕು. ಫೋಟೋದ ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಬೇಡ. ತೊಡಕು ಹೆಸರಿನಲ್ಲೇ ಇದೆ: ನಡಾವಳಿ ಪುಸ್ತಕದಲ್ಲಿ ಹೆಂಗಸರೆಲ್ಲ ಗಂಡನ ಪೂರ್ತಿ ಹೆಸರಿನ ಹಿಂದೆ "ಮಿಸೆಸ್" ಸೇರಿಸಿಕೊಂಡೇ ಇರುತ್ತಾರೆ. 1950ರ ಜನಗಣತಿಯ ಹಾಳೆಗಳು 2022ರ ಏಪ್ರಿಲ್ 1ರಿಂದ ಎಲ್ಲರಿಗೂ ತೆರೆದಿವೆ. ಊರಿನ ಪುಟ ತೆಗೆದು ಗಂಡನ ಹೆಸರು ಹುಡುಕಿದರೆ, ಸಾಮಾನ್ಯವಾಗಿ ಅದರ ಕೆಳಗಿನ ಸಾಲಿನಲ್ಲಿ "ಹೆಂಡತಿ" ಎಂಬ ನಮೂದಿನ ಜೊತೆ ಅವಳ ಹೆಸರಿರುತ್ತದೆ.