ನಲವತ್ತು ಡಬ್ಬ, ಹನ್ನೆರಡು ತಳಿ

ಜುಲೈ 21, 2024, ಭಾನುವಾರ
ಮಂಡ್ಯ

ಕನ್ನಂಬಾಡಿ ಕಟ್ಟೆ ತುಂಬುತ್ತಿದೆ. ಬೇಸಿಗೆ ಬೆಳೆಗೆ ನೀರೇ ಸಿಕ್ಕಿರಲಿಲ್ಲ, ಹಾಗಾಗಿ ಊರಲ್ಲಿ ಎಲ್ಲರೂ ಖುಷಿಯಾಗಿದ್ದಾರೆ. ಈ ವಾರ ಭತ್ತದ ಸಸಿಗೆ ಒಟ್ಲು (ಸಸಿಮಡಿ) ಹಾಕಬೇಕು.

ಸಂಜೆ ಚಿಗಪ್ಪ ಬಂದಿದ್ದರು.

"ಡೇರಿ ಎಲೆಕ್ಷನ್‌ಗೆ ಈ ಸಲ ನೀನೇ ನಿಂತ್ಕೋಬೇಕು ಕಣ್ಲಾ."

"ಆಗಲ್ಲ ಚಿಗಪ್ಪ."

"ಯಾಕ್ಲಾ ಆಗಲ್ಲ? ಮೀಟಿಂಗು ತಿಂಗಳಿಗೊಂದು. ಅಷ್ಟೂ ಬಿಡುವಿಲ್ವಾ ನಿಂಗೆ?"

ಮೀಟಿಂಗ್ ತಿಂಗಳಿಗೊಂದೇ ಇರಬಹುದು. ಆದರೆ ಹಾಲಿನ ಫ್ಯಾಟ್ ಕಡಿಮೆ ಬಂತು ಅಂತ, ಬಟವಾಡೆ ತಡವಾಯ್ತು ಅಂತ ಜನ ಬೆಳಿಗ್ಗೆಯೇ ನಿರ್ದೇಶಕನ ಮನೆ ಬಾಗಿಲಿಗೆ ಬರುತ್ತಾರೆ. ಬರಬೇಕಾದ್ದೇ. ನನಗೆ ತೆನೆ ಬರುವ ಕಾಲದಲ್ಲಿ ಆ ಹೊತ್ತು ಗದ್ದೆಯಲ್ಲೇ ಕಳೆಯಬೇಕು. ಎತ್ತರ, ಕಾಳಿನ ಬಣ್ಣ, ತುದಿಯ ಮುಳ್ಳು ನೋಡಿ ಬೆರಕೆ ಗಿಡ ಕೀಳಬೇಕು. ಭತ್ತ ಹೆಚ್ಚಾಗಿ ತನ್ನ ಹೂವಲ್ಲೇ ಕಾಳು ಕಟ್ಟುವ ಬೆಳೆ. ಪಕ್ಕದ ತಾಕಿನಿಂದ ಬೆರೆಯುವುದು ಕಡಿಮೆ. ಜಾಸ್ತಿ ಬೆರೆಯುವುದು ನಮ್ಮ ಕೈಯಲ್ಲಿ. ಒಟ್ಲಲ್ಲಿ, ಕಣದಲ್ಲಿ, ಚೀಲದಲ್ಲಿ. ಇದನ್ನೆಲ್ಲ ಹೇಳಿದೆ.

"ನಿಮ್ಮಪ್ಪ ಕೂತಿದ್ದ ಕುರ್ಚಿ ಕಣ್ಲಾ ಅದು" ಅಂದರು.

ಅದಕ್ಕೆ ಏನು ಹೇಳಲಿ? ಅಪ್ಪ ಇದ್ದಿದ್ದರೆ ನಿಂತ್ಕೋ ಅಂತಲೇ ಹೇಳುತ್ತಿದ್ದರೇನೋ. ಆದರೂ ಇಲ್ಲ ಅಂದೆ. ಚಿಗಪ್ಪನಿಗೆ ಬೇಜಾರಾಗಿದೆ, ನನಗೂ ಆಗಿದೆ.

ಇದಕ್ಕಿಂತ ಕಷ್ಟದ್ದು ಕೋಣೆಯಲ್ಲಿದೆ. ನಲವತ್ತು ಡಬ್ಬ, ನಲವತ್ತು ನಾಟಿ ತಳಿ. ಭತ್ತದ ಬೀಜ ಮನೆಯಲ್ಲಿ ಸುಮ್ನೆ ಇಟ್ಟರೆ ಮೊಳಕೆ ಬರುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಬಿತ್ತುತ್ತಲೇ ಇರಬೇಕು. ನಲವತ್ತನ್ನೂ ಬಿತ್ತಿದರೆ ಒಂದೊಂದಕ್ಕೂ ಸಿಗುವುದು ಒಂದು ಪಾತಿ, ಬರುವುದು ನಾಲ್ಕು ಬೊಗಸೆ. ನನಗೆ ಅಷ್ಟು ಸಾಲದು. ಯಾರೇ ಬಂದು ಕೇಳಿದರೂ ಒಂದು ಎಕರೆ ನಾಟಿಗೆ ಆಗುವಷ್ಟು, 25 ಕೆಜಿ, ಬೆರಕೆ ಇಲ್ಲದ ಬೀಜ ಕೊಡಬೇಕು. ಈ ಜಮೀನಲ್ಲಿ ಹನ್ನೆರಡು ತಳಿಗೆ ಮಾತ್ರ ಅದು ಸಾಧ್ಯ.

ಕಿರುಗಾವಲಿನ ಸೈಯದ್ ಘನಿ ಖಾನ್ ಅವರಿಗೆ ಮ್ಯೂಸಿಯಂ ಕೆಲಸಕ್ಕೆ ಹೋಗುವ ಆಸೆ ಇತ್ತು. ಜಮೀನು ನೋಡಿಕೊಳ್ಳಬೇಕಾಗಿ ಬಂದು ಅದನ್ನು ಬಿಟ್ಟರು. ಈಗ ಅವರ ಹತ್ತಿರ ನೂರಾರು ಭತ್ತದ ತಳಿಗಳಿವೆ. ಅಷ್ಟನ್ನು ಅವರು ಕಾಯುತ್ತಿರುವಾಗ ನಾನೂ ಸಂಖ್ಯೆ ಹಿಂದೆ ಹೋಗಬೇಕಾಗಿಲ್ಲ ಅಲ್ವಾ?

ರಾಜಮುಡಿ, ರತ್ನಚೂಡಿ ಬೆಳೆಯುವವರು ಬೇರೆಯವರೂ ಇದ್ದಾರೆ. ಲೆಕ್ಕದ ಪ್ರಕಾರ ಅವನ್ನೇ ಮೊದಲು ಬಿಡಬೇಕು. ರಾಜಮುಡಿ ಮೈಸೂರು ಅರಸರ ಮನೆಯ ಅಕ್ಕಿ ಅಂತಾರೆ, ನನಗೆ ಅದು ಅವ್ವನ ಅಡುಗೆಮನೆಯ ಅಕ್ಕಿ. ಅದನ್ನು ಬಿಡಲ್ಲ. ಇದೊಂದು ಕಡೆ ಲೆಕ್ಕ ಬೇಡ.

ಕಬ್ಬು ತೆಗೆದರೆ ಇನ್ನೂ ಜಾಗ ಸಿಗುತ್ತಿತ್ತು. ಮಗಳ ಸ್ಕೂಲ್ ಫೀಸು ಅದರಿಂದಲೇ ಬರಬೇಕು ಅಂದಳು ಇವಳು. ನಿಜ. ಕಬ್ಬು ಇರಲಿ.

ಉಳಿದ ಇಪ್ಪತ್ತೆಂಟನ್ನು ಬೇರೆ ರೈತರಿಗೆ ಹಂಚಬೇಕು, ಒಟ್ಲು ಹಾಕೋ ಮುಂಚೆಯೇ. ಗಂಧಸಾಲೆ ಯಾರಿಗೆ ಕೊಡಲಿ? ಎತ್ತರ ಬೆಳೆದು ಗಾಳಿಗೆ ಮಲಗುವ ಪೈರು, ಇಳುವರಿಯೂ ಕಡಿಮೆ. ಘಮಕ್ಕಾಗಿಯೇ ಬೆಳೆಯೋರು ಬೇಕು. ಮಳವಳ್ಳಿ ಕಡೆಯವರೊಬ್ಬರು ಕೇಳಿದ್ದರು, ಅವರ ನಂಬರ್ ಹಳೇ ಫೋನಲ್ಲಿರಬೇಕು.